ಗ್ರಾಹಕ ಸೇವಾ ಮುಖ್ಯಸ್ಥರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಗೆ,
ಬ್ಯಾಂಕ್, ವಿಮೆ, ಮೊಬೈಲ್ ಹಾಗೂ ಮನೆಬಳಕೆ ವಸ್ತುಗಳ ಕಂಪನಿಗಳ ಗ್ರಾಹಕ ಸೇವಾ ಮುಖ್ಯಸ್ಥರಿಗೆ

ವಿಷಯ: ನಮ್ಮ ಫೋನ್ ಕರೆಗಳನ್ನು ನಮ್ಮನ್ನು ಅರಿಯದವರ ಕೈಗೆ ಒಪ್ಪಿಸಿರುವ ಬಗ್ಗೆ

ಮಾನ್ಯರೇ,

ನೀವೆಲ್ಲ ನಮ್ಮ ಊರಿನಲ್ಲಿ ವ್ಯಾಪಾರ ಮಾಡುತ್ತಿದ್ದೀರಿ. ಪಿ.ಜೆ. ಬಡಾವಣೆಯಲ್ಲಿ ನಿಮ್ಮ ಶಾಖೆ ಇದೆ. ಅಶೋಕ ರಸ್ತೆಯಲ್ಲಿ ನಿಮ್ಮ ಶೋರೂಮ್ ಇದೆ. ಹರಿಹರ, ಜಗಳೂರು, ಚನ್ನಗಿರಿಯ ಸಣ್ಣ ಅಂಗಡಿಗಳವರೆಗೂ ನಿಮ್ಮ ಪೋಸ್ಟರ್ ಬಂದಿದೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ಕಾನೂನು ಬಂದ ಮೇಲೆ ಬೋರ್ಡೂ ಚೆನ್ನಾಗಿ ಬರೆಸಿದ್ದೀರಿ. ಮಾರಲು ಬರುವ ಹುಡುಗರಂತೂ ಅಚ್ಚ ದಾವಣಗೆರೆ ಮಾತು ಆಡುತ್ತಾರೆ. 'ಬರ್ರಿ ಸರ, ಕೂತ್ಕೊಳ್ರಿ, ಏನೂ ತೊಂದ್ರೆ ಆಗಲ್ರಿ' ಅನ್ನುತ್ತಾರೆ.

ತೊಂದರೆ ಆಗುತ್ತದೆ. ಆಗ ಆ ಹುಡುಗರು ಒಂದು ನಂಬರ್ ಕೊಡುತ್ತಾರೆ. 'ಕಸ್ಟಮರ್ ಕೇರ್‌ಗೆ ಫೋನ್ ಮಾಡ್ರಿ, ನಮ್ಮ ಕೈಲಿ ಏನೂ ಇಲ್ಲ.' ಆ ನಂಬರಿನ ಆಚೆ ಏನು ನಡೆಯುತ್ತದೆ ಅನ್ನುವುದನ್ನು ನಿಮಗೆ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ನೀವು ನಿಮ್ಮದೇ ನಂಬರಿಗೆ ಸಾಮಾನ್ಯ ಗ್ರಾಹಕರಾಗಿ ಯಾವತ್ತಾದರೂ ಫೋನ್ ಮಾಡಿದ್ದೀರೋ ಇಲ್ಲವೋ, ನನಗೆ ಅನುಮಾನ ಇದೆ.

ನಾನು ಮಂಡಿಪೇಟೆ ಕಡೆ ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು, ಬಿ.ಕಾಂ. ಮುಗಿಸಿದ ಹೊಸದರಲ್ಲಿ, ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದ್ದೆ. ರಾತ್ರಿ ಪಾಳಿ. ಅಮೆರಿಕದ ಗ್ರಾಹಕರ ಕರೆಗಳು. ಹಾಗಾಗಿ ಈ ತಂತಿಯ ಎರಡೂ ತುದಿಯಲ್ಲಿ ಕೂತವನು ನಾನು. ಈ ಪತ್ರದಲ್ಲಿರುವುದು ಬರೀ ಸಿಟ್ಟು ಅಂತ ತಳ್ಳಿಹಾಕಬೇಡಿ ಅಂತ ಹೇಳುವುದಕ್ಕೆ ಇಷ್ಟು ಪರಿಚಯ ಸಾಕು.

ಮೊದಲು ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ.

ನಮ್ಮ ದೊಡ್ಡಮ್ಮ ಜಗಳೂರು ತಾಲ್ಲೂಕಿನ ಹಳ್ಳಿಯವರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಬ್ಯಾಂಕ್ ಖಾತೆಯಲ್ಲಿ ಮೆಕ್ಕೆಜೋಳ ಮಾರಿದ ಹಣ, ಗೃಹಲಕ್ಷ್ಮಿಯ 2,000 ರೂಪಾಯಿ ಕಂತುಗಳು ಇದ್ದವು. ಎಟಿಎಂ ಕಾರ್ಡ್ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲ. ಹಣ ಬೇಕಾದಾಗ ಊರಿನ ಬ್ಯಾಂಕ್ ಮಿತ್ರನ (ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟ್) ಹತ್ತಿರ ಹೋಗಿ ಆಧಾರ್ ನಂಬರ್ ಹೇಳಿ ಬೆರಳು ಒತ್ತುತ್ತಾರೆ, ಅಷ್ಟೇ. ಕಣ್ಣು ತೋರಿಸಲು ದಾವಣಗೆರೆಗೆ ಬಂದು ನಮ್ಮ ಮನೆಯಲ್ಲಿದ್ದಾಗ ಒಂದು ಶುಕ್ರವಾರ ಸಂಜೆ ಅವರ ಫೋನಿಗೆ ಮೆಸೇಜ್ ಬಂತು. ಆಧಾರ್ ಮೂಲಕ 10,000 ರೂಪಾಯಿ ತೆಗೆಯಲಾಗಿದೆ ಅಂತ. ಬೆರಳು ಒತ್ತಬೇಕಾದವರು ನಮ್ಮ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಮಾರನೇ ದಿನ ಎರಡನೇ ಶನಿವಾರ, ಅದರ ಮಾರನೇ ದಿನ ಭಾನುವಾರ. ಶಾಖೆ ತೆರೆಯುವುದು ಸೋಮವಾರ. ಅಲ್ಲಿಯವರೆಗೆ ಬ್ಯಾಂಕಿಗೆ ಇರುವ ಬಾಗಿಲು ಅಂದರೆ ಆ ಫೋನ್ ನಂಬರ್ ಮಾತ್ರ. ಮಾಡಿದೆವು. 'ಕನ್ನಡಕ್ಕಾಗಿ ಒತ್ತಿ' ಅಂತ ಒಬ್ಬ ಹೆಣ್ಣುಮಗಳು ಎಷ್ಟು ಚೆನ್ನಾಗಿ ಹೇಳಿದಳು! ದೊಡ್ಡಮ್ಮನ ಮುಖ ಅರಳಿತು. ಆಮೇಲೆ ಕಾರ್ಡ್ ಬ್ಲಾಕ್ ಮಾಡಲು ಇದು ಒತ್ತಿ, ಸಾಲಕ್ಕೆ ಅದು ಒತ್ತಿ ಅಂತ ಶುರುವಾಯಿತು. ಕಾರ್ಡೇ ಇಲ್ಲದವರ ಹಣ ಹೋದರೆ ಏನು ಒತ್ತಬೇಕು ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಮನುಷ್ಯರ ದನಿ ಸಿಕ್ಕಿತು. ಹಿಂದಿಯಲ್ಲಿ.

ನನಗೆ ಹಿಂದಿ ಬರುತ್ತದೆ. ನಾನೇ ವಿಷಯ ಹೇಳಿದೆ. ಆ ಹುಡುಗ ತಾಳ್ಮೆಯಿಂದಲೇ ಕೇಳಿಸಿಕೊಂಡ. ಆಮೇಲೆ, ಖಾತೆದಾರರೇ ಮಾತಾಡಬೇಕು, ಅವರಿಗೆ ಫೋನ್ ಕೊಡಿ ಅಂದ. ಸರಿ, ಕೊಟ್ಟೆ. ಹುಟ್ಟಿದ ದಿನಾಂಕ ಹಿಂದಿಯಲ್ಲಿ ಕೇಳಿದ. ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಿಕೊಟ್ಟೆ. ಪಕ್ಕದವರು ಹೇಳಿಕೊಡುವಂತಿಲ್ಲ ಸರ್, ರೂಲ್ಸ್ ಅಂದ. ಕನ್ನಡ ಬರುವವರಿಗೆ ಕರೆ ವರ್ಗಾಯಿಸಿ ಅಂದೆ. ಈಗ ಯಾರೂ ಇಲ್ಲ, 24ರಿಂದ 48 ಗಂಟೆಯಲ್ಲಿ ಅವರೇ ಫೋನ್ ಮಾಡುತ್ತಾರೆ ಅಂದ. ಮತ್ತೆ ಮತ್ತೆ ಮಾಡಿದೆವು. ದನಿ ಬದಲಾಯಿತು, ಮಾತು ಅದೇ. ಆ 48 ಗಂಟೆಯ ಫೋನ್ ಇವತ್ತಿನವರೆಗೂ ಬಂದಿಲ್ಲ.

'ಏನಂತಪ್ಪ ಅವ್ರು? ನಾನೇ ಹೆಬ್ಬೆಟ್ಟು ಒತ್ತೀನಿ ಅಂತಾರಾ?' ಅಂತ ದೊಡ್ಡಮ್ಮ ಕೇಳಿದರು.

ಶನಿವಾರ ಬೆಳಿಗ್ಗೆ ಇನ್ನೊಂದು ಸಲ ಹಣ ಹೋಯಿತು. ಆಮೇಲೆ ಪರಿಚಯದವರೊಬ್ಬರು ಹೇಳಿದ ಮೇಲೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಅಲ್ಲಿ ಕನ್ನಡದಲ್ಲೇ ಮಾತಾಡಿ ದೂರು ಬರೆದುಕೊಂಡರು. ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಬಹುದು ಅನ್ನುವುದೂ ಆಗಲೇ ಗೊತ್ತಾಗಿದ್ದು. ಆಧಾರ್ ವೆಬ್‌ಸೈಟಿನಲ್ಲಿ ಲಾಕ್ ಮಾಡಿದೆವು. ಹಣ ಹೋಗುವುದು ನಿಂತಿತು. ಆಧಾರ್‌ನ 1947 ಸಹಾಯವಾಣಿ ಕನ್ನಡ ಸೇರಿ 12 ಭಾಷೆಗಳಲ್ಲಿದೆ. ಸರ್ಕಾರಿ ಸೇವೆ ಅಂದರೆ ಮೂಗು ಮುರಿಯುವ ನಮಗೆ ಇದೊಂದು ಪಾಠವೇ.

ಬೆರಳಚ್ಚು ಲಾಕ್ ಮಾಡಿ ಅನ್ನುವ ಒಂದು ಮಾತನ್ನು ಬ್ಯಾಂಕಿನ ಆ ಹುಡುಗ ಶುಕ್ರವಾರ ರಾತ್ರಿಯೇ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವನ ಸ್ಕ್ರಿಪ್ಟ್‌ನಲ್ಲಿ ಅದು ಪರಿಶೀಲನೆ ಮುಗಿದ ಮೇಲಿನ ಪುಟದಲ್ಲಿ ಇದ್ದಿರಬೇಕು.

ಸೋಮವಾರ ಶಾಖೆಗೆ ಹೋದೆವು. ಅಲ್ಲಿನ ಹೆಣ್ಣುಮಗಳೊಬ್ಬರು ದೊಡ್ಡಮ್ಮನನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿ ದೂರು ದಾಖಲಿಸಿದರು. ಆಮೇಲೆ ಬ್ಯಾಂಕಿನಿಂದ ಒಂದು ಪತ್ರ ಬಂತು. ಅದರಲ್ಲಿ ಎರಡು ವಿಷಯ ಇತ್ತು. ಬೆರಳಚ್ಚು ಹೊಂದಿಕೆಯಾಗಿದೆ, ಆದ್ದರಿಂದ ಹಣ ತೆಗೆದವರು ನೀವೇ ಎಂದು ತೋರುತ್ತದೆ ಅನ್ನುವುದು ಒಂದು. ದೂರು ಬಂದದ್ದು ಸೋಮವಾರ ಅನ್ನುವುದು ಇನ್ನೊಂದು. ಶುಕ್ರವಾರ ರಾತ್ರಿ ನಾವು ಮಾಡಿದ ಕರೆಗಳು? ಅವೂ ದಾಖಲೆಯಲ್ಲಿದ್ದವು. 'ಗ್ರಾಹಕರ ಪರಿಶೀಲನೆ ವಿಫಲ' ಅಂತ.

ಮಾನ್ಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ತಪ್ಪಿಲ್ಲದೆ ಮೂರನೆಯವರು ಹಣ ಹೊಡೆದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಗ್ರಾಹಕರೇ ನಷ್ಟ ಹೊರಬೇಕು. ತಿಳಿಸಿದ ಮೇಲೆ ಆಗುವ ನಷ್ಟವೆಲ್ಲ ಬ್ಯಾಂಕಿನದು. ಅಂದರೆ, ನಾನು ತಿಳಿಸಿದ್ದು ಯಾವಾಗ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆ ಹೊತ್ತನ್ನು ಬರೆದುಕೊಳ್ಳುವವರು ನಿಮ್ಮ ಕಾಲ್ ಸೆಂಟರ್‌ನವರು. ಅವರಿಗೆ ನಮ್ಮ ಮಾತು ತಿಳಿಯದಿದ್ದರೆ ನಾವು ತಿಳಿಸಿಯೇ ಇಲ್ಲ ಅಂತ ಆಗುತ್ತದೆ. ಶನಿವಾರದ ನಷ್ಟ ಯಾರದು ಅನ್ನುವ ಜಗಳ ಹುಟ್ಟಿದ್ದೇ ಇದರಿಂದ.

ಹಣ ಕೊನೆಗೆ ವಾಪಸ್ ಬಂತು. ತಿಂಗಳುಗಳು ಹಿಡಿಯಿತು, ಅಲೆದಾಟ ಆಯಿತು, ಆದರೆ ಬಂತು. ಬ್ಯಾಂಕಿನ ಹೆಸರು ಬೇಕಂತಲೇ ಬರೆದಿಲ್ಲ. ಹೆಸರು ಹಾಕಿದರೆ ನೀವು ಉಳಿದವರೆಲ್ಲ 'ಸದ್ಯ, ನಾವಲ್ಲ' ಅಂತ ಪತ್ರ ಮಡಚಿ ಇಡುತ್ತೀರಿ. ನಿಮ್ಮಲ್ಲಿ ಹೆಚ್ಚಿನವರ ಫೋನ್ ನಡೆಯುವುದು ಹೀಗೇ. ಅಂಗಡಿಯಲ್ಲಿ ಕೂತು ದಿನಾ ನೋಡುತ್ತಿದ್ದೇನೆ.

ಹೇಗೆ ಅಂದರೆ, ಆನಗೋಡು, ಮಾಯಕೊಂಡ, ಭರಮಸಾಗರ ಕಡೆಯ ರೈತರು ಪೈಪು, ಫುಟ್‌ವಾಲ್ವ್ ತಗೊಳ್ಳಲು ಬರುತ್ತಾರೆ. ಬಿಲ್ ಮಾಡಿಸಿದ ಮೇಲೆ ಫೋನ್ ಮುಂದಕ್ಕೆ ಚಾಚುತ್ತಾರೆ. 'ಅಣ್ಣಾ, ಇವ್ರ ಜೊತೆ ಸ್ವಲ್ಪ ಮಾತಾಡಿ ಕೊಡ್ರಿ.' ನಾನು ಒಂದು ಕಾಲದಲ್ಲಿ ಈ ಕೆಲಸಕ್ಕೆ ಸಂಬಳ ತಗೊಂಡಿದ್ದೆ ಅಂತ ಅವರಿಗೆ ಗೊತ್ತು. ಈಗ ಬಿಟ್ಟಿ. ಒಬ್ಬರದು ಫ್ರಿಜ್ಜು, ಒಬ್ಬರದು ಮೊಬೈಲ್‌ನಲ್ಲಿ ಕೇಳದೇ ಶುರುವಾದ ಪ್ಯಾಕು, ಒಬ್ಬರದು ಟ್ರ್ಯಾಕ್ಟರ್ ಸಾಲದ ಕಂತು. ಫ್ರಿಜ್ಜಿನದು ಹೇಗೋ ಆಗುತ್ತದೆ, ಬಿಡಿ. ನಾಲ್ಕು ದಿನ ಮೊಸರು ಹುಳಿಯಾದರೆ ಯಾರೂ ಸಾಯುವುದಿಲ್ಲ.

ಬೆಳೆ ವಿಮೆ ಹಾಗಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ, 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಒಣಗಲು ಬಿಟ್ಟ ಬೆಳೆಗೆ ಮಳೆ ಹೊಡೆದರೂ ಅಷ್ಟೇ. ಚಿತ್ರದುರ್ಗ ಜಿಲ್ಲೆಯ ಶೇಂಗಾ, ನಮ್ಮ ಮೆಕ್ಕೆಜೋಳ ಎಲ್ಲಕ್ಕೂ ಈ ಗಡಿಯಾರ ಓಡುತ್ತಿರುತ್ತದೆ. ಒಂದು ಮಳೆಗಾಲದಲ್ಲಿ ಭರಮಸಾಗರ ಕಡೆಯ ರೈತರೊಬ್ಬರು ವಿಮೆ ಕಂಪನಿಯ ನಂಬರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಕಡೆಯವರಿಗೆ ಹೋಬಳಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಬೇರೆ ಥರ ಬರೆದಿತ್ತು. ಸಿಗಲಿಲ್ಲ. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಎಷ್ಟಿವೆ! ಸರ್ವೆ ನಂಬರಿನಲ್ಲಿ ಇರುವ ಹಿಸ್ಸಾ, ಅಂದರೆ ಆ ಜಮೀನಿನ ಉಪಭಾಗದ ನಂಬರ್, ಏಕೆ ಬೇಕು ಅನ್ನುವುದನ್ನು ನಾನು ಅವರಿಗೆ ವಿವರಿಸಿದೆ. ಅವರು ನನಗೆ ಧನ್ಯವಾದ ಹೇಳಿದರು. ಲೈನ್ ಕಟ್ಟಾಯಿತು. ಹೊಲದಲ್ಲಿ ನೀರು ನಿಂತವನು ಇದನ್ನೆಲ್ಲ 72 ಗಂಟೆಯೊಳಗೆ ಮಾಡಬೇಕು, ಅದೂ ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ನಿಂತು.

ದೇಶದ ಒಳಗೇ ಹೀಗಾದರೆ ಹೊರಗಿನ ಕಥೆ ಇನ್ನೊಂದು. ನನ್ನ ತಂಗಿಯ ಮಗ ದುಬೈಗೆ ಟಿಕೆಟ್ ಮಾಡಿಸಿದ್ದ, ಒಂದು ವಿದೇಶಿ ವೆಬ್‌ಸೈಟಿನಲ್ಲಿ. ವಿಮಾನ ರದ್ದಾಯಿತು. ಹಣಕ್ಕಾಗಿ ಫೋನ್ ಮಾಡಿದರೆ ಎತ್ತಿದ ಹುಡುಗಿ ತಾನು ಮನಿಲಾದಲ್ಲಿದ್ದೇನೆ ಅಂದಳು. ಬಹಳ ಮರ್ಯಾದೆಯ ಹುಡುಗಿ. ಆದರೆ ಅವನ ಮೊಬೈಲ್‌ನಲ್ಲಿ ಕಾಣುವುದಕ್ಕಿಂತ ಒಂದಕ್ಷರವೂ ಜಾಸ್ತಿ ಅವಳ ಸ್ಕ್ರೀನ್‌ನಲ್ಲಿ ಕಾಣುತ್ತಿರಲಿಲ್ಲ. ಏನಾಗುತ್ತಿದೆ ನೋಡಿ. ಆಗ ಅಮೆರಿಕದ ಕರೆ ಬೆಂಗಳೂರಿಗೆ ಬರುತ್ತಿತ್ತು. ಈಗ ದಾವಣಗೆರೆಯ ಕರೆ ಫಿಲಿಪ್ಪೀನ್ಸಿಗೆ ಹೋಗುತ್ತಿದೆ.

ನನ್ನ ಆ ಕಾಲದ ಬಗ್ಗೆ ಹೇಳಲೇಬೇಕು. ಈ ಪತ್ರದ ತಿರುಳು ಅಲ್ಲಿದೆ.

ಅಮೆರಿಕದ ಜಿಇ ಕಂಪನಿ ಗುರುಗ್ರಾಮದಲ್ಲಿ ತನ್ನ ಕೇಂದ್ರ ಶುರು ಮಾಡಿದ್ದು 1997ರಲ್ಲಿ. ದಾವಣಗೆರೆ ಜಿಲ್ಲೆಯಾದ ವರ್ಷವೂ ಅದೇ. ಮುಂದಿನ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ತುಂಬ ಕಾಲ್ ಸೆಂಟರ್ ಬಂದವು. ನಮ್ಮಂಥ ಊರುಗಳ ಪದವೀಧರರಿಗೆ ಅದು ದೊಡ್ಡ ಬಾಗಿಲು. ಇಂಗ್ಲಿಷ್ ಬರಬೇಕು, ರಾತ್ರಿ ಎಚ್ಚರ ಇರಬೇಕು, ಅಷ್ಟೇ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆ ಅಂದರೆ ನಮಗೆ ಸಂಜೆ 6.30. ಊರಿನವರು ಊಟಕ್ಕೆ ಕೂರುವ ಹೊತ್ತಿಗೆ ನಾವು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆವು.

ಹಾಕಿಕೊಳ್ಳುವ ಮೊದಲು ವಾರಗಟ್ಟಲೆ ತರಬೇತಿ. ನಮ್ಮ ಇಂಗ್ಲಿಷಿನಿಂದ ದಾವಣಗೆರೆಯನ್ನು ಉಜ್ಜಿ ತೆಗೆದರು. ಅಮೆರಿಕದ ರಾಜ್ಯಗಳು, ಅವುಗಳ ಸಮಯ, ಅವರ ಹಬ್ಬಗಳು, ಅವರ ಫುಟ್‌ಬಾಲ್, ಅಲ್ಲಿ ಹಿಮ ಬಿದ್ದಾಗ ಏನೇನು ಬಂದ್ ಆಗುತ್ತದೆ, ಎಲ್ಲ ಬಾಯಿಪಾಠ. ವಯಸ್ಸಾದವರ ಜೊತೆ ನಿಧಾನ ಮಾತಾಡಿ ಅಂದರು. ಗ್ರಾಹಕರು ತಮ್ಮ ನಾಯಿಯ ಸುದ್ದಿ ಹೇಳಿದರೆ ನಾಯಿಯ ಹೆಸರು ಕೇಳಿ ಅಂದರು. ಕೇಳಿದ್ದೇವೆ. ನನಗೆ ಒಂದು ಅಮೆರಿಕನ್ ಹೆಸರೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅಂಗಡಿ ಹುಡುಗರು ಆಡಿಕೊಳ್ಳುತ್ತಾರೆ.

ಇಷ್ಟೆಲ್ಲ ಯಾರಿಗಾಗಿ? ಓಹಿಯೋದಲ್ಲಿ ಕೂತ ಒಬ್ಬ ಅಜ್ಜಿಗೆ ತೊಂದರೆ ಆಗಬಾರದು ಅಂತ. ಅವರ ಭಾಷೆ ನಾವು ಕಲಿಯಬೇಕು, ಅವರ ಊರು ನಾವು ತಿಳಿಯಬೇಕು, ಅವರ ಹಗಲಿಗೆ ನಾವು ರಾತ್ರಿ ಎಚ್ಚರ ಇರಬೇಕು. ಆಗ ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ಗ್ರಾಹಕ ಅಂದ ಮೇಲೆ ಹೀಗೇ ಅಲ್ವಾ? ಹಾಗಾದರೆ ಜಗಳೂರಿನ ಅಜ್ಜಿ ಯಾರು? ಅವರಿಗಾಗಿ ನಿಮ್ಮಲ್ಲಿ ಯಾರು ಏನು ಕಲಿತಿದ್ದಾರೆ? ಅವರಿಗೆ ಹಿಂದಿ ಬಾರದಿದ್ದದ್ದು ಅವರ ತಪ್ಪು ಅನ್ನುವ ಹಾಗೆ ನಿಮ್ಮ ದಾಖಲೆಯಲ್ಲಿ 'ವಿಫಲ' ಅಂತ ಬರೆದಿರಿ. ವಿಫಲ ಆದದ್ದು ಯಾರು?

ಅಷ್ಟೆಲ್ಲ ತರಬೇತಿ ಆಗಿಯೂ ಓಹಿಯೋದವರು ನಮ್ಮ ಮೇಲೆ ಕೂಗಾಡುತ್ತಿದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ. 'ಅಮೆರಿಕದಲ್ಲಿ ಇರುವವರಿಗೆ ಫೋನ್ ಕೊಡು' ಅನ್ನುತ್ತಿದ್ದರು. ಕೆಲವರ ಬಾಯಿಂದ ಬಂದದ್ದು ಬರೀ ವಿಷ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಬಹಳ ಜನರ ಸಿಟ್ಟು ನಮ್ಮ ಬಣ್ಣದ್ದಲ್ಲ, ಉಚ್ಚಾರದ್ದೂ ಅಲ್ಲ. ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನುವುದು ಅವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಒಂದು ಮಿತಿ ದಾಟಿದ ಹಣ ವಾಪಸ್ ಮಾಡುವ ಅಧಿಕಾರ ನಮಗೆ ಇರಲಿಲ್ಲ. ಸೂಪರ್‌ವೈಸರ್ ಬೇಕು ಅಂದರೆ ಪಕ್ಕದ ಸೀಟಿನವನೇ ಸೂಪರ್‌ವೈಸರ್ ದನಿ ತೆಗೆದು ಮಾತಾಡಿದ್ದೂ ಉಂಟು. ಅವನ ಸ್ಕ್ರೀನಿನಲ್ಲೂ ಅದೇ ಸ್ಕ್ರಿಪ್ಟ್. ನಮ್ಮ ತಲೆ ಮೇಲೆ ಸರಾಸರಿ ಕರೆ ಸಮಯದ ಲೆಕ್ಕ. ಸಮಸ್ಯೆ ಮುಗಿಯಿತಾ ಅನ್ನುವುದಕ್ಕಿಂತ ಕರೆ ಮುಗಿಯಿತಾ ಅನ್ನುವುದನ್ನೇ ಜಾಸ್ತಿ ನೋಡುತ್ತಿದ್ದರು.

ಹಾಗಾಗಿ ಕಾಲ್ ಸೆಂಟರ್ ಯಾವ ಊರಿನಲ್ಲಿದೆ ಅನ್ನುವುದೊಂದೇ ನನ್ನ ತಕರಾರಲ್ಲ. ದೂರ ಇದ್ದೂ ಚೆನ್ನಾಗಿ ಕೆಲಸ ಮಾಡಬಹುದು, ಮಾಡಿದವರನ್ನು ನೋಡಿದ್ದೇನೆ. ತಕರಾರು ಇಷ್ಟು: ನೀವು ಕರೆಯನ್ನು ಕಡಿಮೆ ಖರ್ಚಿನ ಕಡೆಗೆ ಕಳಿಸುತ್ತೀರಿ, ಅದರ ಜೊತೆ ಅಧಿಕಾರವನ್ನೂ ತಿಳಿವಳಿಕೆಯನ್ನೂ ಕಳಿಸುವುದಿಲ್ಲ. ಆ ತುದಿಯಲ್ಲಿ ಕೂತ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದೇ ಕುರ್ಚಿಯಲ್ಲಿ ಬೈಸಿಕೊಂಡವನು. ಹಿಂದಿ ಮಾತಾಡಿದ ಅನ್ನುವುದಕ್ಕೂ ಅವನನ್ನು ಬೈಯಲಾರೆ. ಅವನನ್ನು ಕನ್ನಡದ ಕರೆಗೆ ಕೂರಿಸಿದವರು ನೀವು.

ಖರ್ಚಿನ ಮಾತು ನೀವು ಎತ್ತುತ್ತೀರಿ ಅಂತ ಗೊತ್ತು. ಬೇರೆ ದೇಶದವರೂ ಇದನ್ನೇ ಹೇಳಿದ್ದರು. 2003ರ ನವೆಂಬರ್‌ನಲ್ಲಿ ಕಂಪ್ಯೂಟರ್ ಮಾಡುವ ಡೆಲ್, ತನ್ನ ಗ್ರಾಹಕರಾದ ದೊಡ್ಡ ಕಂಪನಿಗಳ ತಾಂತ್ರಿಕ ಕರೆಗಳಲ್ಲಿ ಒಂದು ಪಾಲನ್ನು ಬೆಂಗಳೂರಿನಿಂದ ಅಮೆರಿಕಕ್ಕೆ ವಾಪಸ್ ಒಯ್ದಿತು. ಗ್ರಾಹಕರ ದೂರು ಅಷ್ಟು ಜೋರಾಗಿತ್ತು. (ಮನೆಗೆ ಕಂಪ್ಯೂಟರ್ ಕೊಂಡವರ ಕರೆಗಳು ಮಾತ್ರ ಇಲ್ಲಿಗೇ ಬರುತ್ತಿದ್ದವು. ದೊಡ್ಡ ಗಿರಾಕಿಯ ದೂರು ಬೇಗ ಕೇಳಿಸುತ್ತದೆ.) ಬ್ರಿಟನ್ನಿನ ಸ್ಯಾಂಟ್ಯಾಂಡರ್ ಬ್ಯಾಂಕ್ 2011ರಲ್ಲಿ ಬೆಂಗಳೂರು, ಪುಣೆಯಲ್ಲಿದ್ದ ಗ್ರಾಹಕರ ಕರೆ ಕೆಲಸವನ್ನು ತನ್ನ ದೇಶಕ್ಕೆ ಹೊತ್ತುಕೊಂಡು ಹೋಯಿತು. ಅಲ್ಲಿನ ಬಿಟಿ ಫೋನ್ ಕಂಪನಿ ಮನೆ ಗ್ರಾಹಕರ ಎಲ್ಲ ಕರೆಗಳನ್ನೂ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲೇ ಎತ್ತುವ ವ್ಯವಸ್ಥೆಯನ್ನು 2020ರ ಜನವರಿ ಹೊತ್ತಿಗೆ ಮಾಡಿತು. 2025ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಎರಡೂ ಪಕ್ಷದ ಸದಸ್ಯರು ಸೇರಿ ಒಂದು ಮಸೂದೆ ಮಂಡಿಸಿದರು. ಫೋನ್ ಎತ್ತಿದವರು ತಾವು ಎಲ್ಲಿದ್ದೇವೆ ಅಂತ ಮೊದಲೇ ಹೇಳಬೇಕು, ಗ್ರಾಹಕರು ಕೇಳಿದರೆ ಅಮೆರಿಕದಲ್ಲಿ ಇರುವವರಿಗೆ ಕರೆ ವರ್ಗಾಯಿಸಬೇಕು ಅನ್ನುವುದು ಅದರ ಸಾರ. ಈ ಒಂದೊಂದು ಸುದ್ದಿಗೂ ಬೆಂಗಳೂರಿನ ಯಾವುದೋ ಫ್ಲೋರ್‌ನಲ್ಲಿ ನಮ್ಮ ಕಡೆಯ ಹುಡುಗರ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಗಿರುತ್ತದೆ, ಅದು ನನಗೆ ಗೊತ್ತು. ಆದರೂ ಗ್ರಾಹಕರಾಗಿ ಆ ದೇಶದವರು ಕೇಳಿದ್ದು ನ್ಯಾಯವೇ. ಖರ್ಚು ಜಾಸ್ತಿ ಅಂತ ಹೇಳುತ್ತಿದ್ದ ಕಂಪನಿಗಳೇ ಗ್ರಾಹಕರು ಕೈಬಿಡುವ ಲಕ್ಷಣ ಕಂಡಾಗ ಖರ್ಚು ಮಾಡಿದವು.

ಇನ್ನು ಕನ್ನಡದ ಲೆಕ್ಕ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ಆಸ್ಟ್ರೇಲಿಯಾದಲ್ಲಿ ಇರುವ ಒಟ್ಟು ಜನ ಇದಕ್ಕಿಂತ ಬಹಳ ಕಡಿಮೆ. ಆಸ್ಟ್ರೇಲಿಯಾದವರ ಕರೆ ಎತ್ತಲು ಇಡೀ ಇಡೀ ಕಟ್ಟಡಗಳು ನಡೆಯುತ್ತವೆ. ನಮ್ಮದು 'ಸಣ್ಣ ಕ್ಯೂ' ಅಂತ ಹೇಳಿ ಹಿಂದಿಯ ರಾಶಿಗೆ ಸುರಿಯುತ್ತೀರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಮೊಬೈಲ್ ಕಂಪನಿಯ ಫೋನ್‌ನಲ್ಲಿ ಮೊದಲ ಹಂತದಲ್ಲೇ ಭಾಷೆ ಆರಿಸುವ ಅವಕಾಶ ಇರಬೇಕು. ಶೇ 95ರಷ್ಟು ಕರೆಗಳನ್ನು 90 ಸೆಕೆಂಡಿನೊಳಗೆ ಮನುಷ್ಯರು ಎತ್ತಬೇಕು. ಭಾಷೆ ಆರಿಸುವ ಅವಕಾಶ ಕೊಟ್ಟಿದ್ದೀರಿ, ನಿಜ. ನಾವು ಆರಿಸಿದ ಮೇಲೆ ಆ ಭಾಷೆ ಯಂತ್ರದ ಬಾಯಿಯಲ್ಲಿ ಮಾತ್ರ ಉಳಿಯುತ್ತದೆ. ಈಗೀಗ ಮನುಷ್ಯರೂ ಬೇಡ ಅಂತ ಬಾಟ್ ಕೂರಿಸಿದ್ದೀರಿ. ಅದಕ್ಕೆ ನಮ್ಮ ಕಡೆಯ 'ಬರಂಗಿಲ್ರಿ, ಗೊತ್ತಿಲ್ರಿ' ಎರಡೂ ಒಂದೇ ಥರ ಕೇಳುತ್ತದೆ. 'ಕ್ಷಮಿಸಿ, ಮತ್ತೊಮ್ಮೆ ಹೇಳಿ' ಅಂತ ಸುಮ್ನೆ ಹೇಳುತ್ತಾ ಇರುತ್ತದೆ.

ಫೋನ್ ಸರಿಯಾಗಿ ಎತ್ತದಿದ್ದರೆ ಇನ್ನೊಂದು ಅಪಾಯವೂ ಇದೆ. ಜನ ಗೂಗಲ್‌ನಲ್ಲಿ ನಂಬರ್ ಹುಡುಕುತ್ತಾರೆ. ಅಲ್ಲಿ ಮೋಸಗಾರರು ನಿಮ್ಮ ಹೆಸರಿನಲ್ಲಿ ತಮ್ಮ ನಂಬರ್ ಹಾಕಿ ಕೂತಿರುತ್ತಾರೆ. ಅವರು ಮೊದಲ ರಿಂಗಿಗೇ ಎತ್ತುತ್ತಾರೆ. ಬೇಕಾದರೆ ಕನ್ನಡವನ್ನೂ ಮಾತಾಡುತ್ತಾರೆ.

ಈಗ ನಮ್ಮ ಬೇಡಿಕೆಗಳಿಗೆ ಬರುತ್ತೇನೆ. ಮೊದಲನೆಯದು ಮತ್ತು ಬಿಡಲಾರದ್ದು: ಕನ್ನಡ ಒತ್ತಿದವರಿಗೆ ಕನ್ನಡ ಬಲ್ಲ ಮನುಷ್ಯರೇ ಸಿಗಬೇಕು. ಆ ಕ್ಷಣಕ್ಕೆ ಯಾರೂ ಇಲ್ಲ ಅಂದರೆ, ಕರೆ ಬಂದ ಹೊತ್ತನ್ನೇ ದೂರಿನ ಹೊತ್ತು ಅಂತ ದಾಖಲಿಸಿ, ದೂರಿನ ನಂಬರನ್ನು ಕನ್ನಡದಲ್ಲಿ ಮೆಸೇಜ್ ಮಾಡಿ. ನಿಮ್ಮಲ್ಲಿ ಭಾಷೆ ಬಲ್ಲವರು ಇಲ್ಲದೆ ಹೋದ ಗಂಟೆಗಳನ್ನು ನಮ್ಮ ಲೆಕ್ಕಕ್ಕೆ ಬರೆಯಬೇಡಿ. ರಿಸರ್ವ್ ಬ್ಯಾಂಕ್, ವಿಮಾ ಪ್ರಾಧಿಕಾರದವರು ಈ ಪತ್ರ ಓದಿದರೆ ಅವರಿಗೂ ಇದೇ ಮನವಿ. ಬ್ಯಾಂಕಿನ ಬೋರ್ಡು, ಅರ್ಜಿ ಮೂರು ಭಾಷೆಯಲ್ಲಿ ಇರಬೇಕು ಅನ್ನುತ್ತೀರಿ. ಕಳ್ಳತನ ಆದ ರಾತ್ರಿ ಬೋರ್ಡು ಓದಿ ಏನು ಮಾಡೋಣ? ಆ ನಿಯಮ ಫೋನಿಗೂ ಬರಲಿ.

ಎರಡನೆಯದು, ಹಣ ಹೋಗುತ್ತಿದೆ ಅಂತ ಯಾರಾದರೂ ಕೂಗಿದರೆ ಮೊದಲು ಬಾಗಿಲು ಹಾಕಿ, ಆಮೇಲೆ ಪರಿಚಯ ಕೇಳಿ. ನೋಂದಾಯಿಸಿದ ಮೊಬೈಲ್‌ನಿಂದಲೇ ಬಂದ ಕರೆಗೆ ಖಾತೆಯಿಂದ ಹಣ ಹೊರಹೋಗುವುದನ್ನು ತಾತ್ಕಾಲಿಕವಾಗಿ ತಡೆದರೆ ಯಾರಿಗೆ ಏನು ನಷ್ಟ? ಹಣ ಕೊಡುವಾಗ ಎಷ್ಟು ಬೇಕಾದರೂ ಪರಿಶೀಲನೆ ಮಾಡಿ. ತಡೆಯುವುದಕ್ಕೆ ಅಷ್ಟು ಬೇಡ. ಖಾತೆದಾರರೇ ಮಾತಾಡಬೇಕು ಅನ್ನುವ ನಿಯಮ ಒಳ್ಳೆಯದೇ, ಅದು ದೊಡ್ಡಮ್ಮನಂಥವರನ್ನು ಕಾಯಲು ಮಾಡಿದ್ದು. ಅವರ ಭಾಷೆಯಲ್ಲಿ ಕೇಳದಿದ್ದರೆ ಅದೇ ನಿಯಮ ಅವರನ್ನು ಹೊರಗೆ ನಿಲ್ಲಿಸುತ್ತದೆ.

ಫೋನ್ ಎತ್ತಿದವರು ಎಲ್ಲಿಂದ ಮಾತಾಡುತ್ತಿದ್ದಾರೆ, ಮನುಷ್ಯರೋ ಯಂತ್ರವೋ, ಅವರ ಕೈಯಲ್ಲಿ ಏನು ಮಾಡಲು ಆಗುತ್ತದೆ ಅನ್ನುವುದನ್ನು ಮೊದಲೇ ಹೇಳಲಿ. ಆಗದಿದ್ದರೆ ಆಗುವವರ ಹತ್ತಿರ ಕಳಿಸಲಿ. ಜಿಲ್ಲೆಗೆ ಒಬ್ಬರಾದರೂ ಹೆಸರು, ನಂಬರ್ ಇರುವ ಅಧಿಕಾರಿ ಇರಲಿ. ಹೊಸ ಗ್ರಾಹಕರನ್ನು ಹುಡುಕಲು ಪ್ರತಿ ಹೋಬಳಿಗೂ ಏಜೆಂಟ್ ಇಟ್ಟಿದ್ದೀರಿ, ಇದೊಂದು ಭಾರ ಆಗಲಿಕ್ಕಿಲ್ಲ.

ಕೊನೆಯದು ಬೇಡಿಕೆಗಿಂತ ಹೆಚ್ಚಾಗಿ ಒಂದು ಆಹ್ವಾನ. ಕನ್ನಡದ ಕರೆಗಳಿಗೆ ಜನ ಸಿಗುವುದಿಲ್ಲ ಅಂತ ನಿಮ್ಮವರು ಹೇಳುವುದನ್ನು ಕೇಳಿದ್ದೇನೆ. ನೋಯ್ಡಾದಲ್ಲಿ ಹುಡುಕಿದರೆ ಸಿಗುವುದಿಲ್ಲ, ನಿಜ. ಇಲ್ಲಿ ಬಂದು ನೋಡಿ. ದಾವಣಗೆರೆ ವಿಶ್ವವಿದ್ಯಾಲಯ ಇದೆ, ಎರಡು ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ, ಗಲ್ಲಿಗೊಂದು ಪದವಿ ಕಾಲೇಜು. ಚಿತ್ರದುರ್ಗ ಒಂದು ಗಂಟೆ ದಾರಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಊರೂ ಇತ್ತು. ರಸ್ತೆ ಅಗೆದದ್ದು, ಮುಚ್ಚಿದ್ದು ಎಲ್ಲ ನೋಡಿದ್ದೇವೆ. ಇಲ್ಲಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಹುಡುಗರು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು ಮಾತ್ರ ನಿಂತಿಲ್ಲ. ಅವರಿಗೆ ಹಿಸ್ಸಾ ನಂಬರ್ ಗೊತ್ತು, ಹೋಬಳಿ ಗೊತ್ತು, ಯಾವ ಅಜ್ಜಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದೂ ಗೊತ್ತು. ಅದಕ್ಕೆ ವಾರಗಟ್ಟಲೆ ತರಬೇತಿ ಬೇಡ. ಬಾಡಿಗೆಯೂ ಬೆಂಗಳೂರಿನಷ್ಟು ಇಲ್ಲ. ರಾಜ್ಯ ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತ ಒಂದು ಯೋಜನೆ ಇಟ್ಟುಕೊಂಡು ಕಂಪನಿಗಳನ್ನು ಬೇರೆ ಊರುಗಳಿಗೆ ಕರೆಯುತ್ತಿದೆ. ಐಟಿ ಬಿಟಿ ಇಲಾಖೆಯವರೂ ಇದನ್ನು ಗಮನಿಸಲಿ: ಕನ್ನಡದ ಕರೆಗಳನ್ನು ಕರ್ನಾಟಕದಲ್ಲೇ ಎತ್ತುವ ಕಂಪನಿಗೆ ಏನಾದರೂ ರಿಯಾಯಿತಿ ಕೊಡುವುದಾದರೆ, ಅದರಲ್ಲಿ ನಮ್ಮ ಎರಡು ಜಿಲ್ಲೆಗಳ ಹೆಸರನ್ನೂ ಸೇರಿಸಿ.

ಈ ಪತ್ರ ಓದುವ ನಮ್ಮ ಕಡೆಯವರಿಗೆ ಎರಡು ಮಾತು. ಕಂಪನಿಯ ಫೋನ್‌ನಲ್ಲಿ ಆಗದಿದ್ದರೆ ಅಲ್ಲಿಗೇ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡ ಸೇರಿ 17 ಭಾಷೆಗಳಿವೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ವಿಚಾರಿಸಲು 14448. ವಿಮೆಯ ದೂರಿಗೆ 155255. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಫೋನ್ ಮಾಡಿದ ಹೊತ್ತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಮ್ಮ ಶುಕ್ರವಾರದ ಕರೆಗಳನ್ನು ಬ್ಯಾಂಕು ಕೊನೆಗೆ ಒಪ್ಪಿಕೊಂಡಿದ್ದು ಅದನ್ನು ನೋಡಿಯೇ.

ಮಾನ್ಯರೇ, ಈ ಪತ್ರದ ಪ್ರತಿಯನ್ನು ನಿಮ್ಮಲ್ಲಿ ಯಾರ ಯಾರ ಗ್ರಾಹಕನಾಗಿದ್ದೇನೋ ಅವರೆಲ್ಲರ ದೂರು ವಿಭಾಗಕ್ಕೂ ಕಳಿಸಿದ್ದೇನೆ. ಉತ್ತರವನ್ನು ಫೋನ್‌ನಲ್ಲಿ ಬೇಡ, ಬರಹದಲ್ಲಿ ಕೊಡಿ. ಕನ್ನಡದ ಕರೆಗಳನ್ನು ಈಗ ಎಲ್ಲಿ ಎತ್ತುತ್ತಿದ್ದೀರಿ, ಎಷ್ಟು ಜನ ಕನ್ನಡ ಬಲ್ಲವರು ರಾತ್ರಿ ಪಾಳಿಯಲ್ಲಿ ಇದ್ದಾರೆ, ಈ ಎರಡು ಪ್ರಶ್ನೆಗಾದರೂ ಉತ್ತರ ಬರಲಿ.

ಇಂತಿ,
ದಾವಣಗೆರೆಯ ಒಬ್ಬ ಗ್ರಾಹಕ, ಹಿಂದೊಮ್ಮೆ ಕಾಲ್ ಸೆಂಟರ್ ಉದ್ಯೋಗಿ